ಕಾಲಸ್ಫಟಿಕ: ಹರಳೂ ಅಲ್ಲ, ನಿಲ್ಲದ ಯಂತ್ರವೂ ಅಲ್ಲ

ಕಾಲಸ್ಫಟಿಕ ಅಂದರೆ ಕೈಯಲ್ಲಿ ಹಿಡಿದರೆ ಕಾಲವನ್ನೇ ಹಿಂದಕ್ಕೆ ತಿರುಗಿಸುವ ಸಿನಿಮಾ ಹರಳು ಎಂದುಕೊಂಡವರುಂಟು. ಇಂಧನವಿಲ್ಲದೆ ಸದಾ ಓಡುವ ಯಂತ್ರ, ಇನ್ನು ಕರೆಂಟ್ ಬಿಲ್ ಇಲ್ಲ ಎಂದು ಹಿಗ್ಗಿದವರೂ ಉಂಟು. ಎರಡೂ ಸುಳ್ಳು. ಎರಡನೆಯದಕ್ಕೆ ಮಾತ್ರ ಒಂದು ಮೂಲವಿದೆ.

ಉಪ್ಪಿನ ಹರಳಿನಲ್ಲಿ ಪರಮಾಣುಗಳ ವಿನ್ಯಾಸ ಜಾಗದಿಂದ ಜಾಗಕ್ಕೆ ಮರುಕಳಿಸುತ್ತದೆ; ಕಾಲದಲ್ಲೂ ಹಾಗೆ ತಾನಾಗಿಯೇ ಮರುಕಳಿಸುವ ವಸ್ತು ಇದ್ದೀತೆ? 2012ರಲ್ಲಿ ಭೌತವಿಜ್ಞಾನಿ ಫ್ರಾಂಕ್ ವಿಲ್ಚೆಕ್ ಹೀಗೆ ಕೇಳಿದರು. ಅತಿ ಕಡಿಮೆ ಶಕ್ತಿಯ ಸ್ಥಿತಿಯಲ್ಲೂ ಚಲಿಸುವ ವಸ್ತು ಅವರ ಕಲ್ಪನೆ. ಸಮಸ್ಥಿತಿಯಲ್ಲಿ ಅಂಥದ್ದು ಅಸಾಧ್ಯವೆಂದು 2015ರಲ್ಲಿ ವತನಬೆ ಮತ್ತು ಒಶಿಕಾವ ಗಣಿತದಿಂದಲೇ ತೋರಿಸಿಕೊಟ್ಟರು. ಮೊಬೈಲ್ ವಿಡಿಯೊಗಳು ಕಥೆಯ ಈ ಭಾಗಕ್ಕೆ ಬರುವುದೇ ಅಪರೂಪ.

ಪ್ರಯೋಗಾಲಯದಲ್ಲಿ ಸಿಕ್ಕಿದ್ದು ಬೇರೆಯೇ ಬಗೆಯದು. ಬಸವಕಲ್ಯಾಣ, ಹುಮನಾಬಾದ್ ಕಡೆ ಪಂಚಮಿಗೆ ಮರಕ್ಕೆ ಕಟ್ಟುವ ಜೋಕಾಲಿಯನ್ನು ನೆನೆಯಿರಿ. ನಿಂತು ಜೀಕುವವರು ಜೋಕಾಲಿ ಒಮ್ಮೆ ಹೋಗಿಬರುವಷ್ಟರಲ್ಲಿ ಎರಡು ಸಲ ಕುಕ್ಕರಿಸಿ ಏಳುತ್ತಾರೆ. ಎರಡು ಜೀಕಿಗೆ ಒಂದು ಪೂರ್ತಿ ತೂಗು. 2017ರಲ್ಲಿ ಪ್ರಕಟವಾದ ಮೇರಿಲ್ಯಾಂಡ್ ಪ್ರಯೋಗದಲ್ಲಿ 10 ಯಿಟರ್ಬಿಯಂ ಅಯಾನುಗಳ ಸಾಲಿಗೆ ಲೇಸರ್ ಮಿಡಿತ ಕೊಟ್ಟರು. ಎರಡು ಮಿಡಿತಕ್ಕೊಮ್ಮೆ ಅವುಗಳ ಸ್ಪಿನ್, ಅಂದರೆ ಪುಟ್ಟ ಕಾಂತಸೂಜಿಯಂಥ ಗುಣ, ಮೊದಲಿನ ದಿಕ್ಕಿಗೆ ಮರಳಿತು. ಇಷ್ಟೇ ಆಗಿದ್ದರೆ ಜೋಕಾಲಿಯನ್ನೂ ಕಾಲಸ್ಫಟಿಕ ಅನ್ನಬೇಕಾಗಿತ್ತು! ಸೋಜಿಗವೆಂದರೆ, ಮಿಡಿತವನ್ನು ಬೇಕೆಂದೇ ತುಸು ತಪ್ಪಿಸಿದರೂ ಲಯ ಜಗ್ಗಲಿಲ್ಲ. ಅಯಾನುಗಳು ಒಂದರ ಮೇಲೊಂದು ಬೀರುವ ಪ್ರಭಾವ ಆ ಲಯವನ್ನು ಕಾದಿತ್ತು. ಒಂಟಿ ಜೋಕಾಲಿಗೆ ಇಲ್ಲದ ಈ ಸಾಮೂಹಿಕ ಹಟಕ್ಕಾಗಿಯೇ ಅದನ್ನು ದ್ರವ್ಯದ ಹೊಸ ಸ್ಥಿತಿ ಎಂದು ಕರೆಯುವುದು.

2022ರಲ್ಲಿ ಜರ್ಮನಿಯ ಹ್ಯಾಂಬರ್ಗ್ ತಂಡ ಮಿಡಿತವನ್ನೂ ಕೈಬಿಟ್ಟಿತು. ಎರಡು ಕನ್ನಡಿಗಳ ನಡುವಿನ ಅತಿಶೀತಲ ರುಬಿಡಿಯಂ ಪರಮಾಣುಗಳ ಮೇಲೆ ಒಂದೇ ಸಮನೆ ಲೇಸರ್ ಬಿಟ್ಟಾಗ, ಪರಮಾಣು ಮತ್ತು ಬೆಳಕು ಸೇರಿ ತಮ್ಮದೇ ಲಯ ಹಿಡಿದವು. ಶಕ್ತಿ ಮಾತ್ರ ಲೇಸರ್‌ನದೇ. ಆಟ ನಡೆದದ್ದು ಕೆಲವೇ ಮಿಲಿಸೆಕೆಂಡು.

ಅಷ್ಟು ತಣ್ಣಗಾದರೆ ಎಲ್ಲವೂ ಗಡ್ಡೆ ಕಟ್ಟಬೇಕಲ್ಲ ಎಂಬ ಅನುಮಾನ ಸಹಜ. ಬೀದರ್ ಸೀಮೆಯವರು 10 ಡಿಗ್ರಿಗೇ ಕಂಬಳಿ ಹೊದೆಯುತ್ತಾರೆ. 1995ರಲ್ಲಿ ಕೊಲರಾಡೊದಲ್ಲಿ ಕಾರ್ನೆಲ್ ಮತ್ತು ವೀಮನ್ ರುಬಿಡಿಯಂ ಅನಿಲವನ್ನು ಸುಮಾರು 170 ನ್ಯಾನೊಕೆಲ್ವಿನ್‌ಗೆ, ಅಂದರೆ ಮೈನಸ್ 273.15 ಡಿಗ್ರಿಯ ಹೊಸ್ತಿಲಿಗೇ ಇಳಿಸಿ, ಪರಮಾಣುಗಳು ಒಂದೇ ಕ್ವಾಂಟಂ ಸ್ಥಿತಿಯಲ್ಲಿ ಬೆರೆಯುವ ಬೋಸ್–ಐನ್‌ಸ್ಟೈನ್ ಕಂಡೆನ್ಸೇಟ್ ಪಡೆದರು. ಗಡ್ಡೆ ಕಟ್ಟಲಿಲ್ಲ. ಮೂರು ಪರಮಾಣು ಒಟ್ಟಿಗೆ ಡಿಕ್ಕಿಯಾದರಷ್ಟೇ ಅವುಗಳಲ್ಲಿ ಎರಡು ಜೋಡಿಯಾಗಬಲ್ಲವು. ಗಾಳಿಗಿಂತ ಲಕ್ಷಾಂತರ ಪಟ್ಟು ತೆಳುವಾದ ಅನಿಲದಲ್ಲಿ ಅದು ಅಪರೂಪ.

ಪರಮಾಣುಗಳನ್ನು ತಣಿಸಲು ಭಾರಿ ಫ್ರಿಜ್ಜೂ ಬೇಕಿಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಪರಮಾಣುಗಳನ್ನು ನಿರ್ವಾತದ ಪೆಟ್ಟಿಗೆಯಲ್ಲಿ ಲೇಸರ್ ಬೆಳಕಿನಿಂದಲೇ ತಣಿಸುತ್ತಾರೆ. ಎದುರಿನಿಂದ ಬಡಿಯುವ ಬೆಳಕು ಪರಮಾಣುವಿನ ಓಟವನ್ನು ತಡೆಯುತ್ತದೆ. ಓಟ ಇಳಿದಷ್ಟೂ ತಂಪು.