ಹಳೆಯ ದಾರಿಯ ಪಕ್ಕದಲ್ಲಿ ಹೊಸ ದಾರಿ

ಲೇಖಕನ ಹಸ್ತಪ್ರತಿಯೇ ಪುಸ್ತಕವಲ್ಲ. ಮೊಳೆ ಜೋಡಣೆ, ಕರಡು ತಿದ್ದುವಿಕೆ, ಮುದ್ರಣ, ಹೊಲಿಗೆ ಇವೆಲ್ಲವನ್ನೂ ದಾಟಿದ ಮೇಲೆಯೇ ಅದು ಓದುಗನ ಕೈಗೆ ಪುಸ್ತಕವಾಗಿ ಬರುವುದು. ಗಣಕಯಂತ್ರದ ತಂತ್ರಾಂಶದ ಸಂಗತಿಯೂ ಹೀಗೆಯೇ. ಮನುಷ್ಯನು ಬರೆದ ನೂರಾರು ಕಡತಗಳನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತಿರುಗಿಸಿ, ಒಂದಕ್ಕೊಂದು ಜೋಡಿಸಬೇಕು. ಯಾವುದಕ್ಕೆ ಯಾವುದು ಆಧಾರ, ಯಾವುದರ ತರುವಾಯ ಯಾವುದು ಎಂಬುದನ್ನು ನೋಡಿಕೊಳ್ಳುವ ಏರ್ಪಾಡಿಗೆ ‘ಬಿಲ್ಡ್ ಸಿಸ್ಟಮ್’ ಎಂದು ಹೆಸರು. ನಾವು ಅದನ್ನು ಕಟ್ಟಣೆಯ ವ್ಯವಸ್ಥೆ ಎನ್ನೋಣ.

ಇಂಥವುಗಳಲ್ಲಿ ಹಿರಿಯದು ‘ಮೇಕ್’. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟೂವರ್ಟ್ ಫೆಲ್ಡ್‌ಮನ್ ಅವರು 1976ರಲ್ಲಿ ಇದನ್ನು ರಚಿಸಿದರು. ಒಂದು ಅಧ್ಯಾಯವನ್ನು ತಿದ್ದಿದರೆ ಅದನ್ನಷ್ಟೇ ಮತ್ತೆ ಜೋಡಿಸಿದರೆ ಸಾಕು, ಇಡೀ ಗ್ರಂಥವನ್ನಲ್ಲ ಎಂಬುದೇ ಇದರ ತಿರುಳು. ಯಂತ್ರದಿಂದ ಯಂತ್ರಕ್ಕೆ ಇರುವ ಭೇದಗಳನ್ನು ಮುಂಚಿತವಾಗಿ ಪರೀಕ್ಷಿಸಿ ಹೇಳುವ ‘ಆಟೋಕಾನ್ಫ್’ 1991ರಲ್ಲಿ ಬಂದಿತು.

ಮಾಹಿತಿಯನ್ನು ಸಂಗ್ರಹಿಸಿಡುವ ‘ಪೋಸ್ಟ್‌ಗ್ರೆಸ್‌ಕ್ಯೂಎಲ್’ ಎಂಬ ಮುಕ್ತ ತಂತ್ರಾಂಶವು 1986ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಮೊದಲಾದ ಕೆಲಸದ ಫಲ. ಯುನಿಕ್ಸ್ ಮನೆತನದ ಯಂತ್ರಗಳಲ್ಲಿ ಇದನ್ನು ಕಟ್ಟಲು ಆಟೋಕಾನ್ಫ್ ಮತ್ತು ಮೇಕ್ ಇದ್ದವು. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ಸಾಧನಗಳಿಂದ ಕಟ್ಟುವವರಿಗಾಗಿ, ಪರ್ಲ್ ಭಾಷೆಯಲ್ಲಿ ಬರೆದ ಬೇರೆಯೇ ಒಂದು ಏರ್ಪಾಡಿತ್ತು. ಒಂದೇ ಕೃತಿಗೆ ಎರಡು ಅಚ್ಚುಕೂಟ! ಗ್ರಂಥಸಂಪಾದನೆಯ ಪಾಠ ಹೇಳಿದ ನನಗೆ ಇದರ ತೊಡಕು ಕೂಡಲೇ ಅರ್ಥವಾಗುತ್ತದೆ. ಒಂದೇ ಪಾಠಕ್ಕೆ ಎರಡು ಪ್ರತಿಗಳಿದ್ದರೆ ಪಾಠಾಂತರ ತಪ್ಪದು. ಒಬ್ಬನ ಯಂತ್ರದಲ್ಲಿ ಸರಿಯಾಗಿ ನಿಂತ ಬದಲಾವಣೆ ಇನ್ನೊಬ್ಬನಲ್ಲಿ ಮುರಿದು ಬೀಳುವ ಸಂಭವವಿತ್ತು.

2021ರಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಅಭಿವರ್ಧಕರು ‘ಮೆಸನ್’ ಎಂಬ ಹೊಸ ವ್ಯವಸ್ಥೆಯನ್ನು ಸೂಚಿಸಿದರು. ಫಿನ್ಲೆಂಡಿನ ಯೂಸ್ಸಿ ಪಕ್ಕಾನೆನ್ ಆರಂಭಿಸಿದ ಇದು ಪೈಥಾನ್ ಭಾಷೆಯಲ್ಲಿ ರಚಿತವಾಗಿದೆ. ಏನನ್ನು ಕಟ್ಟಬೇಕೆಂದು ಮೆಸನ್‌ಗೆ ತಿಳಿಸಿದರೆ, ಅದು ಯೋಜನೆಯನ್ನು ಸಿದ್ಧಪಡಿಸಿ, ದುಡಿಮೆಯನ್ನು ‘ನಿಂಜಾ’ ಎಂಬ ಚುರುಕಾದ ಸಹಾಯಕನಿಗೆ ಒಪ್ಪಿಸುತ್ತದೆ. ಒಂದೇ ವಿವರಣೆ ಯುನಿಕ್ಸ್‌ಗೂ ಸಲ್ಲುತ್ತದೆ, ವಿಂಡೋಸ್‌ಗೂ ಸಲ್ಲುತ್ತದೆ.

ಈಗಾಗಲೇ ಎರಡಿರುವಲ್ಲಿ ಮೂರನೆಯದೇಕೆ ಎಂದು ಯಾರಾದರೂ ಕೇಳಬಹುದು. ಹಳೆಯದನ್ನು ಒಮ್ಮೆಗೇ ಕಿತ್ತೊಗೆಯುವಂತಿರಲಿಲ್ಲವೆಂಬುದೇ ಇದಕ್ಕೆ ಉತ್ತರ. ಲೋಕದ ಹಲವೆಡೆ ಈ ತಂತ್ರಾಂಶವನ್ನು ಕಟ್ಟಿ ಹಂಚುವವರು ಹಳೆಯ ದಾರಿಗೆ ಒಗ್ಗಿದ್ದರು. ಹೊರಗಿನವರು ಬರೆದ ವಿಸ್ತರಣೆಗಳು ಮೇಕ್‌ನ ಕಡತಗಳನ್ನೇ ನೆಚ್ಚಿದ್ದವು. ಆದುದರಿಂದ 2023ರ 16ನೆಯ ಆವೃತ್ತಿಯಲ್ಲಿ ಮೆಸನ್ ಹಳೆಯವುಗಳ ಪಕ್ಕದಲ್ಲಿಯೇ ಬಂದು ನಿಂತಿತು. ಹೊಸದು ತನ್ನ ಯೋಗ್ಯತೆಯನ್ನು ತೋರಿಸಿದ ಮೇಲೆ, 2024ರ 17ನೆಯ ಆವೃತ್ತಿಯಲ್ಲಿ ಪರ್ಲ್‌ನ ಏರ್ಪಾಡು ತೆರವಾಯಿತು. ಮೇಕ್ ಮಾತ್ರ 2025ರ 18ನೆಯ ಆವೃತ್ತಿಯಲ್ಲೂ ಉಳಿದಿದೆ.

ಈ ಸಹಬಾಳ್ವೆ ಪುಕ್ಕಟೆಯದಲ್ಲ. ಹೊಸ ಕಡತವೊಂದನ್ನು ಸೇರಿಸುವವನು ಅದರ ಹೆಸರನ್ನು ಎರಡು ಕಡೆ ನಮೂದಿಸಬೇಕು. ಒಂದನ್ನು ಮರೆತರೆ ಕಟ್ಟಣೆ ಅಲ್ಲಿಯೇ ಕೆಡುತ್ತದೆ. ಸಂಬಳ ಪಡೆಯುವವರೂ ಸ್ವಂತ ಆಸಕ್ತಿಯಿಂದ ದುಡಿಯುವವರೂ ಈ ಹೊರೆಯನ್ನು ಹೊತ್ತಿದ್ದಾರೆ. ಹಳೆಯ ದಾರಿಯಲ್ಲಿ ಇನ್ನೂ ನಡೆಯುತ್ತಿರುವವರನ್ನು ನಡುವೆಯೇ ಕೈಬಿಡಬಾರದೆಂಬ ವಿವೇಕ ಇದರ ಹಿಂದಿದೆ. ತಂತ್ರಾಂಶವನ್ನು ಬಳಸುವ ನಮ್ಮ ಕಣ್ಣಿಗೆ ಈ ಶ್ರಮ ಎಂದೂ ಬೀಳುವುದಿಲ್ಲ. ಪುಸ್ತಕವನ್ನು ಓದಿ ಮೆಚ್ಚುವಾಗ ಮೊಳೆ ಜೋಡಿಸಿದವನನ್ನು ನಾವು ನೆನೆಯುತ್ತೇವೆಯೆ?