ಆರ್ಭಟದೊಳಗಿನ ಇಂಪು

ಸ್ವೀಡನ್ ದೇಶದ ಪಶ್ಚಿಮ ಕರಾವಳಿಯಲ್ಲಿ ಗೋಥೆನ್‌ಬರ್ಗ್ ಎಂಬ ರೇವುಪಟ್ಟಣವಿದೆ. ಗುಸ್ಟಾವಸ್ ಅಡಾಲ್ಫಸ್ ದೊರೆಯು 1621ರಲ್ಲಿ ಸ್ಥಾಪಿಸಿದ ಈ ನಗರವು ರಾಜಧಾನಿಯಾದ ಸ್ಟಾಕ್‌ಹೋಮನ್ನು ಬಿಟ್ಟರೆ ಆ ದೇಶದಲ್ಲೆಲ್ಲ ದೊಡ್ಡದು. ಯಂತ್ರಗಳ ಬೇರಿಂಗುಗಳಿಗೂ ವೋಲ್ವೋ ಮೋಟಾರು ಗಾಡಿಗಳಿಗೂ ಇದು ತವರು. ಒಂದು ಕಾಲಕ್ಕೆ ಇಲ್ಲಿ ಕಟ್ಟಿದ ಹಡಗುಗಳು ಏಳು ಸಮುದ್ರಗಳಲ್ಲಿ ಸಂಚರಿಸುತ್ತಿದ್ದುವು. 1970ರ ದಶಕದಿಂದೀಚೆಗೆ ಆ ಹಡಗುಕಟ್ಟೆಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡುವು. ಆದರೆ 1990ರ ದಶಕದಲ್ಲಿ ಇದೇ ಊರಿನಿಂದ ಯಾರೂ ನಿರೀಕ್ಷಿಸದ ಇನ್ನೊಂದು ಸರಕು ದೇಶದೇಶಗಳಿಗೆ ಹೊರಟಿತು. ಅದು ಸಂಗೀತ. ಅದೂ ಎಂಥ ಸಂಗೀತ! ಮೊದಲ ಸಲ ಕೇಳಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಕಿವಿ ಮುಚ್ಚಿಕೊಳ್ಳುವಂಥದು.

ಅದರ ಹೆಸರು ಮೆಲೋಡಿಕ್ ಡೆತ್ ಮೆಟಲ್. ಆ ಸಂಗೀತದ ಅತಿ ಪ್ರಸಿದ್ಧ ಆಲ್ಬಮ್‌ಗಳಲ್ಲೊಂದು 1995ರ ನವೆಂಬರಿನಲ್ಲಿ ಹೊರಬಂದ ‘ಸ್ಲಾಟರ್ ಆಫ್ ದ ಸೋಲ್’, ಎಂದರೆ ‘ಆತ್ಮದ ವಧೆ’. ಅದನ್ನು ಹಾಡಿ ನುಡಿಸಿದ ತಂಡ ‘ಅಟ್ ದ ಗೇಟ್ಸ್’. ಹನ್ನೊಂದು ಬಂಧಗಳು, ಎಲ್ಲವೂ ಸೇರಿ ಸುಮಾರು ಮೂವತ್ತನಾಲ್ಕು ನಿಮಿಷ. ಇಷ್ಟು ಪುಟ್ಟ ಕೃತಿಯ ವಿಷಯದಲ್ಲಿ ಮೂವತ್ತು ವರ್ಷಗಳಿಂದ ಶ್ರೋತೃಗಳು ವಾದ ಮಾಡುತ್ತಲೇ ಇದ್ದಾರೆ. ಆ ವಾದದ ಕಥೆ ಸಂಗೀತದ ಕಥೆಯಷ್ಟೇ ಸ್ವಾರಸ್ಯವಾದುದು.

ಕರ್ಕಶಕ್ಕೆ ಕೂಡಿದ ರಾಗ

ಡೆತ್ ಮೆಟಲ್ ಎಂಬ ಸಂಗೀತ 1980ರ ದಶಕದ ನಡುವಿನಲ್ಲಿ ಹುಟ್ಟಿತು. ಅಮೆರಿಕದ ಫ್ಲೋರಿಡಾ ಸಂಸ್ಥಾನವು ಅದರ ಮೊದಲ ನೆಲೆಗಳಲ್ಲೊಂದು. ವಿದ್ಯುತ್ ಗಿಟಾರುಗಳ ತಂತಿಗಳನ್ನು ವಾಡಿಕೆಗಿಂತ ಕೆಳಗಿನ ಶ್ರುತಿಗೆ ಇಳಿಸಿ, ಧ್ವನಿಯನ್ನು ಬೇಕೆಂತಲೇ ಒಡೆಯಿಸಿ ಒರಟಾಗಿಸಿ, ಎರಡು ಕಾಲುಗಳಿಂದಲೂ ಡ್ರಮ್ಮು ಬಡಿಯುತ್ತ ನಡೆಯುವ ಸಂಗೀತವದು. ಗಾಯಕನು ಹಾಡುವುದಿಲ್ಲ, ಗರ್ಜಿಸುತ್ತಾನೆ, ಇಲ್ಲವೆ ಚೀರುತ್ತಾನೆ. ನಮ್ಮ ಯಕ್ಷಗಾನದ ರಾಕ್ಷಸ ವೇಷವು ರಂಗಪ್ರವೇಶ ಮಾಡುವಾಗ ಹಾಕುವ ಅಬ್ಬರವನ್ನು ಬಲ್ಲವರಿಗೆ ಇದರ ಒಂದು ಅಂದಾಜು ಸಿಕ್ಕೀತು. ಗಂಟಲಿನಲ್ಲಿ ನಿಜವಾದ ಸ್ವರತಂತುಗಳ ಮೇಲ್ಗಡೆ ಇನ್ನೊಂದು ಜೊತೆ ಮಡಿಕೆಗಳಿವೆ. ಸಾಮಾನ್ಯ ಮಾತಿಗೆ ಅವುಗಳ ಅಗತ್ಯ ಬೀಳುವುದಿಲ್ಲ. ಈ ಗಾಯಕರಲ್ಲನೇಕರು ಅವನ್ನೂ ಕಂಪಿಸುವಂತೆ ಮಾಡಿ ಆ ಘರ್ಜನೆಯನ್ನು ಹೊರಡಿಸುತ್ತಾರೆ. ಸರಿಯಾದ ಅಭ್ಯಾಸವಿಲ್ಲದೆ ಕೂಗಿದರೆ ಗಂಟಲು ಕೆಡುವುದು ನಿಶ್ಚಯ.

ಸ್ವೀಡನ್ನಿನಲ್ಲಿ ಈ ಸಂಗೀತ ಮೊದಲು ಬೇರೂರಿದ್ದು ಸ್ಟಾಕ್‌ಹೋಮಿನಲ್ಲಿ. ಅಲ್ಲಿನ ‘ಎಂಟೂಮ್ಡ್’ ತಂಡವು 1990ರಲ್ಲಿ ಹೊರತಂದ ಆಲ್ಬಮ್ ಗರಗಸದಂತೆ ಕೊರೆಯುವ ಗಿಟಾರ್ ಧ್ವನಿಗೆ ಹೆಸರಾಯಿತು. ಗೋಥೆನ್‌ಬರ್ಗಿನ ಹುಡುಗರು ಹಿಡಿದ ದಾರಿ ಬೇರೆ. ‘ಡಾರ್ಕ್ ಟ್ರಾಂಕ್ವಿಲಿಟಿ’, ‘ಇನ್ ಫ್ಲೇಮ್ಸ್’, ‘ಅಟ್ ದ ಗೇಟ್ಸ್’ ಎಂಬ ಮೂರು ತಂಡಗಳು ಈ ಆರ್ಭಟದೊಳಗೆ ರಾಗವನ್ನು ಬೆರೆಸಿದುವು. ಇಂಗ್ಲೆಂಡಿನ ‘ಐರನ್ ಮೇಡನ್’ ತಂಡದವರು ಎರಡು ಗಿಟಾರುಗಳನ್ನು ಜೋಡಿಯಾಗಿ, ಒಂದರ ಸ್ವರಕ್ಕೆ ಇನ್ನೊಂದು ಹೊಂದುವ ಸ್ವರವನ್ನು ಹಿಡಿದು ನುಡಿಸುತ್ತಿದ್ದ ಕ್ರಮವು ಇವರಿಗೆ ಬಾಲ್ಯದಿಂದಲೂ ಪರಿಚಿತ. ಆ ಜೋಡಿ ಗಿಟಾರಿನ ಶೋಕಪೂರ್ಣವಾದ ರಾಗವನ್ನು ಡೆತ್ ಮೆಟಲ್ಲಿನ ವೇಗಕ್ಕೂ ಗರ್ಜನೆಗೂ ಕೂಡಿಸಿದಾಗ ‘ಗೋಥೆನ್‌ಬರ್ಗ್ ಧ್ವನಿ’ ಹುಟ್ಟಿತು. ಮೂರು ತಂಡಗಳೂ ತಮ್ಮ ಹೆಸರಾಂತ ಆಲ್ಬಮ್‌ಗಳನ್ನು ಮುದ್ರಿಸಿದ್ದು ಒಂದೇ ಕಡೆ: ಫ್ರೆಡ್ರಿಕ್ ನೂರ್ಡ್‌ಸ್ಟ್ರೋಮ್ ನಡೆಸುತ್ತಿದ್ದ ‘ಸ್ಟೂಡಿಯೋ ಫ್ರೆಡ್‌ಮನ್’ ಎಂಬ ಮುದ್ರಣಾಲಯದಲ್ಲಿ.

ಐವರು ತರುಣರು

‘ಅಟ್ ದ ಗೇಟ್ಸ್’ ತಂಡ ಹುಟ್ಟಿದ್ದು 1990ರಲ್ಲಿ. ಆಂಡರ್ಸ್ ಬ್ಯೋರ್ಲರ್ ಮತ್ತು ಯೂನಾಸ್ ಬ್ಯೋರ್ಲರ್ ಅವಳಿ ಸೋದರರು. ಒಬ್ಬನ ಕೈಯಲ್ಲಿ ಗಿಟಾರು, ಮತ್ತೊಬ್ಬನ ಕೈಯಲ್ಲಿ ಬೇಸ್ ಗಿಟಾರು. ಡ್ರಮ್ಮು ಆದ್ರಿಯಾನ್ ಎರ್ಲಂಡ್‌ಸನ್ನನದು. ಗಾಯಕ ಟೋಮಾಸ್ ಲಿಂಡ್‌ಬರ್ಗ್. ಇನ್ನೊಬ್ಬ ಗಿಟಾರ್ ವಾದಕ ಆಲ್ಫ್ ಸ್ವೆನ್ಸನ್ 1993ರಲ್ಲಿ ತಂಡವನ್ನು ಬಿಟ್ಟ ಮೇಲೆ ಅವನ ಸ್ಥಾನಕ್ಕೆ ಮಾರ್ಟಿನ್ ಲಾರ್ಸನ್ ಬಂದ. 1992ರ ಅವರ ಮೊದಲ ಆಲ್ಬಮ್ಮಿನಲ್ಲಿ ಹಾಡುಗಳು ಅಂಕುಡೊಂಕು ದಾರಿಯಲ್ಲಿ ನಡೆಯುತ್ತಿದ್ದುವು. ಒಂದು ತಾಳ ಕಿವಿಗೆ ಒಗ್ಗುವಷ್ಟರಲ್ಲಿ ಇನ್ನೊಂದು ತಾಳ. ನಡುನಡುವೆ ಪಿಟೀಲಿನ ಅಳಲು. ಮೂರು ವರ್ಷಗಳಾಗುವ ವೇಳೆಗೆ ಅವರು ಆ ಅಂಕುಡೊಂಕನ್ನೆಲ್ಲ ಕತ್ತರಿಸಿ ತೆಗೆದಿದ್ದರು. ‘ಸ್ಲಾಟರ್ ಆಫ್ ದ ಸೋಲ್’ ಆಲ್ಬಮ್ಮಿನ ಹಾಡುಗಳು ಮೂರು ಮೂರೂವರೆ ನಿಮಿಷಗಳವು. ಪ್ರತಿಯೊಂದೂ ಬಿಟ್ಟ ಬಾಣದಂತೆ ನೆಟ್ಟಗೆ ಹೋಗಿ ನಾಟುತ್ತದೆ.

ಬರಿಯ ವೇಗವೊಂದೇ ಅಲ್ಲ. ‘ಕೋಲ್ಡ್’ ಎಂಬ ಹಾಡಿನಲ್ಲಿ ಅದೇ ಊರಿನವನೇ ಆದ ಹಿರಿಯ ಗಿಟಾರ್ ವಾದಕ ಆಂಡಿ ಲರಾಕ್ ಅತಿಥಿಯಾಗಿ ಬಂದು ನುಡಿಸಿದ ಒಂದು ಸ್ವರವಿನ್ಯಾಸವಿದೆ. ಆಲ್ಬಮ್ಮಿನ ನಡುವೆ ಕಂಠವೂ ಇಲ್ಲದ, ಆರ್ಭಟವೂ ಇಲ್ಲದ ಒಂದು ಮೆಲುವಾದ ವಾದ್ಯಬಂಧ ಬರುತ್ತದೆ. ಗುಡುಗು ಸಿಡಿಲುಗಳ ನಡುವೆ ಮಳೆ ಒಂದು ಗಳಿಗೆ ಹೊಳವಾದಂತೆ. ಹಾಡುಗಳ ವಿಷಯವಾದರೂ ಈ ಪಂಥದಲ್ಲಿ ಹಲವರು ಮೆಚ್ಚಿಕೊಂಡಿದ್ದ ರಕ್ತಮಾಂಸದ ವರ್ಣನೆಯಲ್ಲ. ಭಯ, ಹತಾಶೆ, ಸುಳ್ಳಿನ ಲೋಕ, ಒಳಗಿನಿಂದಲೇ ಕುಸಿಯುತ್ತಿರುವ ಮನಸ್ಸು—ಇವು ಲಿಂಡ್‌ಬರ್ಗನ ವಸ್ತುಗಳು.

ಮೆಚ್ಚಿದವರು, ಮುನಿದವರು

ಈ ಆಲ್ಬಮ್ಮಿನ ಬಗೆಗೆ ಶ್ರೋತೃಗಳ ಅಭಿಪ್ರಾಯಗಳನ್ನು ಒಟ್ಟುಗೂಡಿಸಿದರೆ ನಾಲ್ಕು ಪಕ್ಷಗಳು ಕಾಣುತ್ತವೆ.

ಮೊದಲನೆಯವರು ಇದನ್ನು ಕಳಂಕವಿಲ್ಲದ ಕೃತಿಯೆಂದು ಭಾವಿಸುವವರು. ಒಂದು ಸ್ವರ ಹೆಚ್ಚಿಲ್ಲ, ಒಂದು ಸ್ವರ ಕಡಿಮೆಯಿಲ್ಲ ಎಂಬುದು ಇವರ ನಿರ್ಣಯ. ಆಲ್ಬಮ್ಮಿನ ಹೆಸರನ್ನೇ ಹೊತ್ತ ಹಾಡಿನಲ್ಲಿ ಗಿಟಾರುಗಳು ಒಂದು ಕ್ಷಣ ಬಿಗಿಹಿಡಿದು ನಿಂತಾಗ ಗಾಯಕನು ಹಾಕುವ ಚಿಕ್ಕದೊಂದು ಕೂಗಿದೆ. ಅಷ್ಟು ಸಾಕು, ಇಡೀ ಸಭೆಗೆ ಸಭೆಯೇ ಆ ಕೂಗಿಗೆ ದನಿಗೂಡಿಸುತ್ತದೆ.

ಎರಡನೆಯವರು ಹಳೆಯ ಅಭಿಮಾನಿಗಳು. ಮೊದಲ ಆಲ್ಬಮ್ಮಿನ ಜಟಿಲತೆಗೆ, ಅದರ ವಿಚಿತ್ರವಾದ ತಿರುವುಗಳಿಗೆ ಮನಸೋತವರು. ಸ್ವೆನ್ಸನ್ ಹೊರಟುಹೋದಂದೇ ತಂಡದ ಕಲ್ಪನಾಶಕ್ತಿಯೂ ಹೊರಟುಹೋಯಿತು, ಉಳಿದದ್ದು ಜನರು ಬೇಗ ಮೆಚ್ಚುವ ಸಲೀಸು ದಾರಿ ಎಂಬುದು ಇವರ ಅಳಲು. ಇದನ್ನು ಡೆತ್ ಮೆಟಲ್ಲೆಂದು ಕರೆಯಲೂ ಇವರಲ್ಲಿ ಕೆಲವರು ಒಪ್ಪರು. ವೇಗವಾದ ಥ್ರ್ಯಾಶ್ ಸಂಗೀತಕ್ಕೆ ಒರಟು ಕಂಠವನ್ನು ತೊಡಿಸಿದ್ದಾರೆ, ಅಷ್ಟೇ ಎನ್ನುತ್ತಾರೆ.

ಮೂರನೆಯವರ ಆಕ್ಷೇಪಣೆ ಕೃತಿಯ ಮೇಲಲ್ಲ, ಅದರ ಸಂತಾನದ ಮೇಲೆ. 2000ದ ನಂತರ ಅಮೆರಿಕದಲ್ಲಿ ಮೆಟಲ್‌ಕೋರ್ ಎಂಬ ಪಂಥ ಹಬ್ಬಿತು. ಅದರ ಅನೇಕ ತಂಡಗಳು ಗೋಥೆನ್‌ಬರ್ಗಿನ ಗಿಟಾರ್ ಪಟ್ಟುಗಳನ್ನು ಹಾಗೆಹಾಗೆಯೇ ಎತ್ತಿಕೊಂಡುವು. ವಾಷಿಂಗ್‌ಟನ್ನಿನ ‘ಡಾರ್ಕೆಸ್ಟ್ ಅವರ್’ ತಂಡವಂತೂ 2003ರ ತನ್ನ ಆಲ್ಬಮ್ಮನ್ನು ಮುದ್ರಿಸಲು ಸಾಗರ ದಾಟಿ ನೂರ್ಡ್‌ಸ್ಟ್ರೋಮನ ಬಳಿಗೇ ಬಂದಿತು. ನಕಲು ಹೆಚ್ಚಿದಂತೆ ಬೇಸರವೂ ಹೆಚ್ಚಿತು. ಮಕ್ಕಳು ಮಾಡಿದ ತಪ್ಪಿಗೆ ತಾಯಿಯನ್ನು ದೂರುವಂತೆ ಕೆಲವರು ಮೂಲಕೃತಿಯನ್ನೇ ದೂರತೊಡಗಿದರು.

ನಾಲ್ಕನೆಯವರು ಎಲ್ಲರಿಗಿಂತ ಕಿರಿಯರು. ಇವರ ಪಾಡು ವಿಚಿತ್ರವಾದದ್ದು. ಇವರು ಮೊದಲು ಕೇಳಿದ್ದು ನಕಲುಗಳನ್ನು. ಮೂಲ ಕಿವಿಗೆ ಬಿದ್ದದ್ದು ಆಮೇಲೆ. ಹೀಗಾಗಿ 1995ರಲ್ಲಿ ಹೊಸತಾಗಿದ್ದುದು ಇವರಿಗೆ ಸವಕಲಾಗಿ ತೋರುತ್ತದೆ. ಹಿರಿಯರು ಹೊಗಳಿದ್ದು ಇದನ್ನೇ ಏನು ಎಂದು ಕೇಳುತ್ತಾರೆ. ಒಂದು ಕೃತಿಯ ಯೋಗ್ಯತೆ ಕೃತಿಯಲ್ಲಿ ಮಾತ್ರವೇ ಇರುವುದಿಲ್ಲ, ಅದನ್ನು ಯಾವುದರ ಹಿಂದೆ ಯಾವುದರ ಮುಂದೆ ಕೇಳಿದೆವೆಂಬ ಕ್ರಮದಲ್ಲಿಯೂ ಇರುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಇಲ್ಲದಿದ್ದಾಗ ಬೆಳೆದ ಕೀರ್ತಿ

ಈ ಅಭಿಪ್ರಾಯಗಳು ಇಷ್ಟು ತೀವ್ರವಾಗಲು ಇನ್ನೊಂದು ಕಾರಣವುಂಟು. ಆಲ್ಬಮ್ ಹೊರಬಂದ ಮರುವರ್ಷ, 1996ರಲ್ಲಿ, ತಂಡವೇ ಒಡೆದುಹೋಯಿತು. ಬ್ಯೋರ್ಲರ್ ಸೋದರರೂ ಎರ್ಲಂಡ್‌ಸನ್ನನೂ ‘ದ ಹಾಂಟೆಡ್’ ಎಂಬ ಬೇರೆ ತಂಡವನ್ನು ಸೇರಿದರು. ಕೀರ್ತಿ ಬೆಳೆದದ್ದು ಕೀರ್ತಿವಂತರು ಚದುರಿದ ಮೇಲೆ.

ನೆರೆಯ ತಂಡವಾದ ‘ಇನ್ ಫ್ಲೇಮ್ಸ್’ನ ಗತಿಯನ್ನು ಇದರೊಡನೆ ಹೋಲಿಸಬೇಕು. ಅವರು ನಿಲ್ಲಲಿಲ್ಲ, ಮುಂದುವರಿದರು. 2002ರ ಆಲ್ಬಮ್ಮಿನಲ್ಲಿ ಗರ್ಜನೆಯ ಜೊತೆಗೆ ಸಾಮಾನ್ಯ ಕಂಠದ ಗಾಯನಕ್ಕೂ ಹೆಚ್ಚು ಎಡೆಗೊಟ್ಟರು. ಹೊಸ ಶ್ರೋತೃಗಳು ಬಂದರು. ಹಳಬರಲ್ಲನೇಕರು ಮೋಸಹೋದೆವೆಂದು ಮುನಿದರು. ಆ ಜಗಳ ಇಂದಿಗೂ ತೀರಿಲ್ಲ. ‘ಅಟ್ ದ ಗೇಟ್ಸ್’ ತಂಡಕ್ಕಾದರೋ ಮೋಸ ಮಾಡುವುದಕ್ಕೆ ಅವಕಾಶವೇ ಒದಗಲಿಲ್ಲ. ಅಗಲಿದವರನ್ನು ನೆನೆಯುವಾಗ ಅವರ ದೋಷಗಳು ಮರೆಯಾಗುವಂತೆ, ಶ್ರೋತೃಗಳ ಮನಸ್ಸಿನಲ್ಲಿ ಆ ಕೊನೆಯ ಆಲ್ಬಮ್ ವರ್ಷ ಕಳೆದಂತೆ ನಿರ್ಮಲವಾಗುತ್ತ ಹೋಯಿತು.

2008ರಲ್ಲಿ ತಂಡ ಮತ್ತೆ ಕೂಡಿತು. ಜರ್ಮನಿಯ ವಾಕನ್ ಉತ್ಸವವೇ ಮೊದಲಾದ ದೊಡ್ಡ ಮೇಳಗಳಲ್ಲಿ ನುಡಿಸಿತು. 2014ರಲ್ಲಿ, ಹತ್ತೊಂಬತ್ತು ವರ್ಷಗಳ ಅನಂತರ, ಹೊಸ ಆಲ್ಬಮ್ಮನ್ನೂ ಹೊರತಂದಿತು. ಶ್ರೋತೃಗಳ ಕಷ್ಟ ಆಗ ಬಯಲಾಯಿತು. ಹಳೆಯದರಂತೆಯೇ ಇಲ್ಲವಲ್ಲ ಎಂದು ಕೆಲವರು ಕೊರಗಿದರೆ, ಹಳೆಯದರಂತೆಯೇ ಇದೆಯಲ್ಲ ಎಂದು ಮತ್ತೆ ಕೆಲವರು ಕೊರಗಿದರು. ಹತ್ತೊಂಬತ್ತು ವರ್ಷ ಮನಸ್ಸಿನಲ್ಲೇ ಬೆಳೆಸಿಕೊಂಡ ಆಲ್ಬಮ್ಮಿನೊಡನೆ ಐದು ಮಂದಿ ಮನುಷ್ಯರು ಸ್ಪರ್ಧಿಸಿ ಗೆಲ್ಲುವುದೆಂತು?

ಕೋಪವೋ, ಶಾಂತಿಯೋ?

ಮಗನ ಕೋಣೆಯಿಂದ ಇಂಥ ಗರ್ಜನೆ ಕೇಳಿಬಂದರೆ ತಾಯಿತಂದೆಗಳು ಗಾಬರಿಯಾಗುವುದು ಸಹಜ. ಈ ಚೀತ್ಕಾರವನ್ನು ದಿನವೂ ಕೇಳುವ ಹುಡುಗನ ಮನಸ್ಸು ಕ್ರೂರವಾಗದೆ? ಈ ಪ್ರಶ್ನೆಯನ್ನು ವಿಜ್ಞಾನಿಗಳೂ ಕೈಗೆತ್ತಿಕೊಂಡಿದ್ದಾರೆ.

2015ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾನಿಲಯದ ಲೀಯಾ ಶರ್ಮನ್ ಮತ್ತು ಜೆನವೀವ್ ಡಿಂಗಲ್ ಎಂಬಿಬ್ಬರು ಒಂದು ಪ್ರಯೋಗ ನಡೆಸಿದ ವರದಿ ಪ್ರಕಟವಾಯಿತು. ಹದಿನೆಂಟರಿಂದ ಮೂವತ್ತನಾಲ್ಕು ವಯಸ್ಸಿನ 39 ಮಂದಿ ಮೆಟಲ್ ರಸಿಕರಿಗೆ ಮೊದಲು ಬೇಕೆಂತಲೇ ಕೋಪ ಬರಿಸಿ, ಆಮೇಲೆ ಅರ್ಧದಷ್ಟು ಜನರಿಗೆ ಹತ್ತು ನಿಮಿಷ ಅವರದೇ ಸಂಗೀತವನ್ನು ಕೇಳಲು ಬಿಟ್ಟರು. ಉಳಿದವರನ್ನು ಮೌನವಾಗಿ ಕೂಡಿಸಿದರು. ಸಂಗೀತ ಕೇಳಿದವರ ಕೋಪ ಏರಲಿಲ್ಲ. ಅವರಲ್ಲಿ ಉತ್ಸಾಹ, ಸ್ಫೂರ್ತಿಗಳು ಹೆಚ್ಚಿದುವು.

2019ರಲ್ಲಿ ಅದೇ ದೇಶದ ಮೆಕ್ವಾರಿ ವಿಶ್ವವಿದ್ಯಾನಿಲಯದ ಸಂಶೋಧಕರು 32 ಮಂದಿ ಡೆತ್ ಮೆಟಲ್ ಅಭಿಮಾನಿಗಳನ್ನೂ 48 ಮಂದಿ ಇತರರನ್ನೂ ಪರೀಕ್ಷಿಸಿದರು. ಒಂದು ಕಣ್ಣಿಗೆ ಹಿಂಸೆಯ ಚಿತ್ರ, ಇನ್ನೊಂದು ಕಣ್ಣಿಗೆ ಸಾಮಾನ್ಯ ಚಿತ್ರ ತೋರಿಸಿ, ಮನಸ್ಸು ಯಾವುದರ ಕಡೆಗೆ ಹೊರಳುವುದೆಂದು ಅಳೆದರು. ಹಿಂಸೆಯ ಚಿತ್ರವನ್ನು ಕಂಡೊಡನೆ ಎಚ್ಚರಗೊಳ್ಳುವ ಮನುಷ್ಯ ಸ್ವಭಾವ ಅಭಿಮಾನಿಗಳಲ್ಲಿ ಒಂದಿಷ್ಟೂ ಮೊಂಡಾಗಿರಲಿಲ್ಲ. ಇದೇ ತಂಡದವರ ಇನ್ನೊಂದು ಅಧ್ಯಯನದಲ್ಲಿ, ಈ ಸಂಗೀತವನ್ನು ಮೆಚ್ಚದವರಿಗೆ ಅದರಿಂದ ಭಯ, ಉದ್ವೇಗಗಳುಂಟಾದರೆ, ಮೆಚ್ಚಿದವರಿಗೆ ಸಂತೋಷ, ಶಕ್ತಿ, ಶಾಂತಿಗಳುಂಟಾದುವೆಂದು ತಿಳಿದುಬಂದಿತು. ಸಂಗೀತ ಒಂದೇ, ಅದನ್ನು ಕೇಳುವ ಮನಸ್ಸುಗಳು ಎರಡು.

ಇವು ಕೆಲವೇ ಜನರ ಮೇಲೆ ನಡೆದ ಪ್ರಯೋಗಗಳು. ಇವುಗಳಿಂದ ಎಲ್ಲ ಹುಡುಗರ ವಿಷಯವೂ ತೀರ್ಮಾನವಾಗುವುದಿಲ್ಲ. ಆದರೂ ಹೊರಗೆ ನಿಂತು ಕೇಳುವವನಿಗೆ ಕೋಪವಾಗಿ ಕೇಳಿಸುವುದು ಒಳಗಿದ್ದವನಿಗೆ ಕೋಪದಿಂದ ಬಿಡುಗಡೆಯಾಗಿರಬಹುದೆಂಬ ಮಾತಿಗೆ ಇವು ಆಧಾರ ಕೊಡುತ್ತವೆ. ಸಂಕಟವನ್ನು ಮೆಲುದನಿಯಲ್ಲಿಯೇ ಹೇಳಿಕೊಳ್ಳಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ಉಳಿದ ದನಿ

ಸಭೆಯಲ್ಲಿ ಹೀಗೆ ಚೀರುತ್ತಿದ್ದ ಟೋಮಾಸ್ ಲಿಂಡ್‌ಬರ್ಗನ ಮತ್ತೊಂದು ವೃತ್ತಿಯನ್ನು ಕೇಳಿದರೆ ಹಲವರು ನಂಬಲಾರರು. ಆತ ಶಾಲೆಯಲ್ಲಿ ಮಕ್ಕಳಿಗೆ ಸಮಾಜವಿಷಯವನ್ನು ಕಲಿಸುವ ಉಪಾಧ್ಯಾಯನಾಗಿದ್ದ. ಅಪರೂಪದ ಬಗೆಯ ಕ್ಯಾನ್ಸರ್ ರೋಗಕ್ಕೆ ತುತ್ತಾಗಿ, 2025ರ ಸೆಪ್ಟೆಂಬರ್ 16ರಂದು ತನ್ನ ಐವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡ. ಆಲ್ಬಮ್ಮಿಗೆ ಮೂವತ್ತು ವರ್ಷ ತುಂಬಲು ಆಗ ಇನ್ನೆರಡು ತಿಂಗಳು ಮಾತ್ರ ಉಳಿದಿತ್ತು.

ವಾದ ಮಾಡುವ ನಾಲ್ಕು ಪಕ್ಷದವರಿಗೂ ಆ ಸುದ್ದಿ ಒಂದೇ ಸಮನಾಗಿ ತಟ್ಟಿತು. ಅದರಿಂದ ವಾದವೇನೂ ಮುಗಿಯಲಿಲ್ಲ. ಮುಗಿಯಬೇಕಾದ ಕಾರಣವೂ ಇಲ್ಲ. ಮೊದಲ ಆಲ್ಬಮ್ಮೇ ಮೇಲೆನ್ನುವವರು ಈಗಲೂ ಹಾಗೆಯೇ ಅನ್ನುತ್ತಾರೆ. ‘ಸ್ಲಾಟರ್ ಆಫ್ ದ ಸೋಲ್’ಗೆ ಸಮನಿಲ್ಲವೆನ್ನುವವರೂ ತಮ್ಮ ಮಾತನ್ನು ಬಿಟ್ಟಿಲ್ಲ. ಆದರೆ ಇಷ್ಟು ವರ್ಷ ಒಂದು ಕೃತಿಗಾಗಿ ಜಗಳವಾಡುವುದೂ ಅದನ್ನು ಪ್ರೀತಿಸುವ ಒಂದು ಬಗೆಯೇ. ರುಚಿಸದ ಸಂಗೀತವನ್ನು ಜನ ಮರೆತುಬಿಡುತ್ತಾರೆ. ಮೂವತ್ತು ವರ್ಷ ಅದರ ಬೆನ್ನು ಹತ್ತುವುದಿಲ್ಲ. ಇಂದಿಗೂ ಯಾವುದೋ ಊರಿನ ಒಬ್ಬ ಹುಡುಗ ಆ ಮೂವತ್ತನಾಲ್ಕು ನಿಮಿಷಗಳನ್ನು ಮೊದಲ ಬಾರಿಗೆ ಕೇಳುತ್ತಾನೆ. ಮೊದಲು ಅವನಿಗೆ ಕೇಳಿಸುವುದು ಬರಿಯ ಗದ್ದಲ. ಎರಡನೆಯ ಸಲವೋ ಮೂರನೆಯ ಸಲವೋ ಕೇಳುವಾಗ ಗದ್ದಲದ ಒಳಗೆ ಅಡಗಿದ್ದ ರಾಗ ಅವನ ಕಿವಿಗೆ ಬೀಳುತ್ತದೆ. ಅಂದಿನಿಂದ ಅವನೂ ಈ ವಾದದಲ್ಲಿ ಒಂದು ಪಕ್ಷ ಸೇರುತ್ತಾನೆ.