ಮಂಡಿಗೆ ಬೆಲ್ಟ್ ತರೋಕೆ ಮುಂಚೆ ಟೇಪ್ ಹಿಡೀರಿ

(ಆಡಿಯೊ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇವೆ.)

ಇವತ್ತಿನ ವಿಷಯ ಒಂದು ವಾಯ್ಸ್ ಮೆಸೇಜ್‌ನಿಂದ ಶುರುವಾಗುತ್ತೆ. ಮಳವಳ್ಳಿ ಕಡೆಯ ಹುಡುಗ ಒಬ್ಬ ಕಳಿಸಿದ್ದು.

"ಅಣ್ಣ, ನಮ್ಮವ್ವಂಗೆ ಎರಡು ವರ್ಷದಿಂದ ಮಂಡಿನೋವು. ನಾಟಿಗೆ ಹೋಗೋದು ಬುಟ್ಟವ್ಳೆ. ಮೆಡಿಕಲ್‌ನಲ್ಲಿ ಒಂದು ನೀ ಕ್ಯಾಪ್ ತಂದ್ಕೊಟ್ಟೆ. ಹಗಲೂ ರಾತ್ರಿ ಹಾಕ್ಕೊಂಡೇ ಇರ್ತಾಳೆ. ಈಗ ಮಂಡಿ ಕೆಳಗೆ ಕಾಲು ಊದ್ಕತಾ ಅದೆ. ಇನ್ನೂ ದುಬಾರಿದು ತರ್ಲಾ?"

ಉತ್ತರ ಮೊದಲೇ ಹೇಳಿಬಿಡ್ತೀನಿ: ಬೇಡ, ಸದ್ಯಕ್ಕೆ ಬೇಡ. ಮೊದಲು ಆ ಕ್ಯಾಪ್ ಬಿಚ್ಚಿಸು ತಮ್ಮ. ಊತ ಒಂದೇ ಕಾಲಲ್ಲಿ ಇದ್ದು, ಮೀನಖಂಡ ನೋಯ್ತಾ ಇದ್ದರೆ, ಬಿಸಿ ಅಥವಾ ಕೆಂಪು ಕಾಣಿಸಿದರೆ ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗು. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೂ ಹೀಗೇ ಆಗುತ್ತೆ. ಅದರ ಜೊತೆ ಉಸಿರಾಟಕ್ಕೆ ಕಷ್ಟ, ಎದೆನೋವು ಬಂದರೆ ಒಂದು ನಿಮಿಷವೂ ಕಾಯಬಾರದು.

ಈಗ ಯಾಕೆ ಹೀಗಾಯ್ತು ಅನ್ನೋದನ್ನು ನಿಧಾನವಾಗಿ ನೋಡೋಣ. ನಮ್ಮಲ್ಲಿ ಬಹಳ ಜನ ಮಾಡೋ ತಪ್ಪು ಇದು. ಚಪ್ಪಲಿ ತರೋವಾಗಲೂ ಕಾಲಿಗೆ ಹಾಕಿ ನೋಡ್ತೀವಿ. ಮಂಡಿ ಬೆಲ್ಟನ್ನು ಮಾತ್ರ "ಅಮ್ಮ ಸ್ವಲ್ಪ ದಪ್ಪ, ಲಾರ್ಜ್ ಕೊಡಿ" ಅಂತ ಅಂದಾಜಲ್ಲಿ ತರ್ತೀವಿ.

ಬೆಲ್ಟ್ ಮಾಡೋ ಕೆಲಸ ಯಾವುದು?

ಅಂಗಡಿಯಲ್ಲಿ ಎಲ್ಲಕ್ಕೂ "ಬೆಲ್ಟ್" ಅಂತಲೇ ಕರೀತಾರೆ. ಆದರೆ ಒಂದೊಂದರ ಕೆಲಸ ಬೇರೆ.

ಒಂದು, ಬಟ್ಟೆಯ ನೀ ಕ್ಯಾಪ್. ಇದು ಮಂಡಿಯನ್ನು ಬೆಚ್ಚಗಿಡುತ್ತೆ, ಹದವಾಗಿ ಒತ್ತುತ್ತೆ. ಮಂಡಿ ಎಲ್ಲಿದೆ, ಹೇಗೆ ಮಡಚ್ತಿದೆ ಅನ್ನೋ ಅರಿವು ಸ್ವಲ್ಪ ಹೆಚ್ಚುತ್ತೆ, ನಡೆಯೋಕೆ ಧೈರ್ಯ ಬರುತ್ತೆ. ಅಷ್ಟೇ. ಸವೆದ ಮೂಳೆಯನ್ನು ಇದು ಸರಿಮಾಡಲ್ಲ, ವಾಲೋ ಮಂಡಿಯನ್ನು ಹಿಡಿಯಲ್ಲ.

ಎರಡು, ಎರಡೂ ಪಕ್ಕ ಲೋಹದ ಪಟ್ಟಿ, ನಡುವೆ ಬಾಗಿಲಿನ ಹಿಂಜ್‌ನಂಥ ಕೀಲು ಇರೋ ಹಿಂಜ್ಡ್ ಬ್ರೇಸ್. ಮಂಡಿ ಪಕ್ಕಕ್ಕೆ ವಾಲದಂತೆ ತಡೆಯುತ್ತೆ, ಮಡಚೋಕೆ ಬಿಡುತ್ತೆ.

ಮೂರು, ತೊಡೆಯಿಂದ ಕಣಕಾಲಿನ ಹತ್ತಿರದವರೆಗೂ ಬರೋ ಉದ್ದನೆಯ ಇಮ್ಮೊಬಿಲೈಸರ್. ಕಾಲನ್ನು ನೇರವಾಗಿ ಹಿಡಿದು ಮಡಚೋಕೆ ಬಿಡಲ್ಲ. ಪೆಟ್ಟಾದ ಮೇಲೆ, ಆಪರೇಷನ್ ಆದ ಮೇಲೆ, ಡಾಕ್ಟರ್ ಹೇಳಿದಷ್ಟು ದಿನ ಮಾತ್ರ.

ನಾಲ್ಕು, ಅನ್‌ಲೋಡರ್ ಬ್ರೇಸ್. ಮಂಡಿಯ ಒಳಮಗ್ಗುಲು ಮಾತ್ರ ಸವೆದು ಕಾಲು ಬಿಲ್ಲಿನಂತೆ ಬಾಗಿದವರಲ್ಲಿ, ಆ ಮಗ್ಗುಲಿನ ಭಾರವನ್ನು ಒಂದಿಷ್ಟು ಆಚೆ ಮಗ್ಗುಲಿಗೆ ಸರಿಸುತ್ತೆ. ಇದನ್ನು ಎಕ್ಸ್‌ರೇ ನೋಡದೆ, ಅಳತೆ ತೆಗೀದೆ ಕೊಳ್ಳೋದು ದುಡ್ಡು ಹಾಳು.

ಸವೆತದ ಮಂಡಿನೋವಿಗೆ ಬ್ರೇಸ್ ಬೇಕೋ ಬೇಡವೋ ಅನ್ನೋದರಲ್ಲಿ ತಜ್ಞರೂ ಒಂದೇ ಮಾತು ಹೇಳಲ್ಲ. 2019ರಲ್ಲಿ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ, ನೋವು ಅಥವಾ ವಾಲಾಟದಿಂದ ನಡಿಗೆಗೇ ತೊಂದರೆ ಆಗಿರೋರಿಗೆ ಬ್ರೇಸ್ ಕೊಡಿ ಅಂತ ಬಲವಾಗಿ ಹೇಳಿತು. 2022ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ, ಎಲ್ಲರಿಗೂ ಮಾಮೂಲಿಯಾಗಿ ಕೊಡಬೇಡಿ ಅಂದಿತು. ಕೀಲು ವಾಲ್ತಿದ್ದು ಅಥವಾ ಭಾರ ಒಂದೇ ಕಡೆ ಬೀಳ್ತಿದ್ದು, ಬರೀ ವ್ಯಾಯಾಮದಿಂದ ಆಗ್ತಿಲ್ಲ, ಬ್ರೇಸ್‌ನಿಂದ ಓಡಾಟ ಸುಧಾರಿಸೋ ಹಾಗಿದೆ ಅಂದ್ರೆ ಮಾತ್ರ ಕೊಡಿ ಅನ್ನೋದು ಅವರ ಮಾತು. ಎರಡನ್ನೂ ಕೂಡಿಸಿ ನಮ್ಮ ಮನೆಗೆ ಬೇಕಾದ್ದು ಇಷ್ಟು: ಮಂಡಿನೋವು ಅಂದ ತಕ್ಷಣ ಬೆಲ್ಟ್ ಅಲ್ಲ. ಆ ಮಂಡಿಯ ತೊಂದರೆ ಏನು ಅಂತ ತಿಳಿದ ಮೇಲೆ ಬೆಲ್ಟ್.

ಅಳತೆ ಹೀಗೆ

ಟೈಲರ್ ಹತ್ರ ಇರೋ ಬಟ್ಟೆ ಟೇಪ್ ಸಾಕು. ಅವ್ವನ್ನ ನಿಲ್ಲಿಸಿ, ಸೀರೆ ಮೇಲೆತ್ತಿ, ಬರಿ ಕಾಲಿಗೇ ಟೇಪ್ ಸುತ್ತಿ. ಚರ್ಮಕ್ಕೆ ತಾಗಬೇಕು, ಒತ್ತಬಾರದು. ಎಲ್ಲಿ ಅಳೀಬೇಕು ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಕೆಲವರು ಮಂಡಿಚಿಪ್ಪಿನ ಮೇಲೇ ಅಳೀರಿ ಅಂತಾರೆ, ಕೆಲವರು ಅದಕ್ಕಿಂತ ಇಷ್ಟು ಇಂಚು ಮೇಲೆ ತೊಡೆಯ ಸುತ್ತಳತೆ ಕೇಳ್ತಾರೆ. ಡಬ್ಬಿಯ ಹಿಂದೆ ಕಾಲಿನ ಚಿತ್ರ, ಅದರ ಪಕ್ಕ ಸೆಂಟಿಮೀಟರ್ ಪಟ್ಟಿ ಇರುತ್ತೆ. ಅಲ್ಲಿ ತೋರಿಸಿದ ಜಾಗದಲ್ಲೇ ಅಳೀರಿ. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಲಾರ್ಜ್ ಆಗಿರಬಹುದು. ಮನೆಯಲ್ಲೇ ಚಿಪ್ಪಿನ ಮೇಲೆ, ತೊಡೆ, ಮೀನಖಂಡ ಮೂರೂ ಅಳೆದು ಫೋನಲ್ಲಿ ಬರ್ಕೊಂಡು ಹೋದರೆ ಅಂಗಡಿಯಲ್ಲಿ ತಬ್ಬಿಬ್ಬಾಗಲ್ಲ.

ಹಾಕೋದು ಹೇಗೆ? ಕ್ಯಾಪ್‌ನಲ್ಲಿ ತೂತು ಇದ್ದರೆ ಮಂಡಿಚಿಪ್ಪು ಅದರ ನಡುವೆ ಕೂರಬೇಕು. ಹಿಂಜ್ ಇದ್ದರೆ ಅದು ಮಂಡಿ ಮಡಚೋ ಮಟ್ಟದಲ್ಲೇ ಇರಬೇಕು. ಕೆಳಗೆ ಜಾರಿದ ಹಿಂಜ್ ಪ್ರತಿ ಹೆಜ್ಜೆಗೂ ಕಾಲಿನ ಜೊತೆ ಜಗಳ ಆಡುತ್ತೆ. ಪಟ್ಟಿ ಕಟ್ಟಿದ ಮೇಲೆ ಒಂದು ಬೆರಳು ಒಳಗೆ ತೂರಬೇಕು. ಆಮೇಲೆ ಹತ್ತು ಹೆಜ್ಜೆ ನಡೆಸಿ, ಕುರ್ಚಿಯಲ್ಲಿ ಕೂರಿಸಿ, ಏಳಿಸಿ ನೋಡಿ. ಮಂಡಿ ಹಿಂದೆ ಬಟ್ಟೆ ಸುರುಳಿ ಸುತ್ತಿಕೊಂಡು ಹಗ್ಗದ ಹಾಗಾದರೆ ಅಳತೆ ಸರಿಯಿಲ್ಲ. ನಮ್ಮ ಹುಡುಗನ ಅವ್ವನಿಗೆ ಬಹುಶಃ ಆಗಿರೋದು ಇದೇ. ಆ ಸುರುಳಿ ಕಾಲಿಗೆ ದಾರ ಬಿಗಿದ ಹಾಗೆ ಕೂತು, ಮೇಲಕ್ಕೆ ಹೋಗಬೇಕಾದ ರಕ್ತವನ್ನು ಕೆಳಗೇ ತಡೆಯುತ್ತೆ.

ಒಂದು ಪರೀಕ್ಷೆ ನೆನಪಿಡಿ. ಕಾಲ್ಬೆರಳ ಉಗುರನ್ನು ಒತ್ತಿ ಬಿಡಿ. ಬಿಳುಪಾದದ್ದು ಎರಡು ಸೆಕೆಂಡಲ್ಲಿ ಮತ್ತೆ ಕೆಂಪಾಗಬೇಕು. ಆಗಲಿಲ್ಲ, ಅಥವಾ ಜೋಮು, ತಣ್ಣಗೆ, ನೀಲಿ ಬಣ್ಣ ಇದೆ ಅಂದ್ರೆ ತಕ್ಷಣ ಸಡಿಲಿಸಿ. ಸಕ್ಕರೆ ಕಾಯಿಲೆ ಇರೋರಿಗೆ ಸ್ಪರ್ಶ ಕಡಿಮೆ, ಉಜ್ಜಿ ಗಾಯ ಆದರೂ ಗೊತ್ತಾಗಲ್ಲ. ದಿನಾ ಬಿಚ್ಚಿ ಚರ್ಮ ನೋಡಿ. ಸವೆತದ ನೋವಿಗೆ ಹಾಕೋ ಕ್ಯಾಪನ್ನು ನಡೆಯೋವಾಗ, ಕೆಲಸ ಮಾಡೋವಾಗ ಹಾಕಿ, ಮಲಗೋವಾಗ ತೆಗೀರಿ.

ಇದು ಅವ್ವಂದಿರ ವಿಷಯ ಮಾತ್ರ ಅಲ್ಲ

ನಿಮ್ಮದೇ ವಯಸ್ಸಿನ ಕಥೆಗೆ ಬರೋಣ. ಕಬಡ್ಡಿ ಆಡ್ತಾ ಮಂಡಿ ತಿರುಚಿ, ಟಕ್ ಅಂತ ಸದ್ದು ಬಂದು, ಕೆಲವೇ ಗಂಟೆಯಲ್ಲಿ ಊದಿಕೊಂಡರೆ ಒಳಗಿನ ಲಿಗಮೆಂಟ್ ಹರಿದಿರಬಹುದು. ನೀ ಕ್ಯಾಪ್ ಏರಿಸಿ ಮುಂದಿನ ಪಂದ್ಯಕ್ಕೆ ಇಳಿಯಬೇಡಿ. ಬೈಕಿಂದ ಬಿದ್ದು ಮಂಡಿ ಅಥವಾ ಕಣಕಾಲಿಗೆ ಪೆಟ್ಟಾಗಿ, ನಾಲ್ಕು ಹೆಜ್ಜೆ ಊರೋಕೂ ಆಗ್ತಿಲ್ಲ ಅಂದ್ರೆ ಎಕ್ಸ್‌ರೇ ಬೇಕು.

ಕ್ರಿಕೆಟ್ ಬಾಲ್ ಬೆರಳ ತುದಿಗೆ ಬಡಿದು, ತುದಿ ಜೋತುಬಿದ್ದು ನೇರ ಆಗ್ತಿಲ್ವಾ? ಇದಕ್ಕೆ ಒಂದು ಪುಟ್ಟ ಸ್ಪ್ಲಿಂಟ್ ಸಾಮಾನ್ಯವಾಗಿ ಸಾಕು, ಆದರೆ ಶಿಸ್ತು ಬೇಕು. ಆರರಿಂದ ಎಂಟು ವಾರ, ಹಗಲೂ ರಾತ್ರಿ. ತೊಳೆಯೋಕೆ ಬಿಚ್ಚಿದಾಗಲೂ ಬೆರಳನ್ನು ಮೇಜಿನ ಮೇಲೆ ನೇರ ಇಟ್ಟಿರಬೇಕು. ನಡುವೆ ಒಮ್ಮೆ ಮಡಚಿದರೆ ಲೆಕ್ಕ ಮತ್ತೆ ಮೊದಲಿಂದ. ನೋಡಿ, ಮಂಡಿ ಕ್ಯಾಪನ್ನು ರಾತ್ರಿ ತೆಗೀಬೇಕು, ಇದನ್ನು ತೆಗೀಲೇಬಾರದು. ಅದಕ್ಕೇ ಹೇಳಿದ್ದು, ಒಂದೊಂದರ ಕೆಲಸ ಬೇರೆ ಅಂತ.

ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರ ಆದರೆ ಮಣಿಕಟ್ಟಲ್ಲಿ ನರ ಒತ್ತಿಕೊಂಡಿರಬಹುದು. ಅದಕ್ಕೆ ಮಣಿಕಟ್ಟನ್ನು ನೇರ ಹಿಡಿಯೋ ಸ್ಪ್ಲಿಂಟ್, ಮುಖ್ಯವಾಗಿ ರಾತ್ರಿ. ಕೊಂಡು ತಂದ ಸ್ಪ್ಲಿಂಟ್ ಒಳಗಿನ ಲೋಹದ ಪಟ್ಟಿ ಎಷ್ಟೋ ಸಲ ಹಿಂದಕ್ಕೆ ಬಾಗಿರುತ್ತೆ, ಫಿಸಿಯೋಥೆರಪಿಸ್ಟ್ ಹತ್ರ ನೇರ ಮಾಡಿಸಿ. ಹೆಬ್ಬೆರಳ ಬುಡದ ಪಕ್ಕ ಮಣಿಕಟ್ಟು ನೋಯ್ತಿದ್ದರೆ, ಹೆಬ್ಬೆರಳನ್ನೂ ಸೇರಿಸಿ ಹಿಡಿಯೋ ಸ್ಪ್ಲಿಂಟೇ ಬೇಕು. ಹೆಬ್ಬೆರಳು ಹೊರಗಿರೋ ಮಾಮೂಲಿ ಬೆಲ್ಟ್ ಅಲ್ಲಿ ಉಪಯೋಗಕ್ಕೆ ಬರಲ್ಲ.

ಕಟ್ಟು ಹಾಕಿಸೋರಿಗೆ

ಮೂಳೆಗೆ ಪೆಟ್ಟು ಅಂದ್ರೆ ಊರಲ್ಲಿ ಮೊದಲು ನೆನಪಾಗೋದು ನಾಟಿ ಕಟ್ಟು. ಆಂಧ್ರದ ಪುತ್ತೂರಿನ ಹೆಸರಲ್ಲಿ "ಪುತ್ತೂರು ಕಟ್ಟು" ಬೋರ್ಡುಗಳೂ ಕಾಣ್ತವೆ. ಬಿದಿರ ದಬ್ಬೆ, ಬಟ್ಟೆ, ಮೊಟ್ಟೆಯ ಬಿಳಿ, ಸೊಪ್ಪಿನ ರಸ. ಇದನ್ನು ಗೇಲಿ ಮಾಡೋಕೆ ನನಗೆ ಇಷ್ಟ ಇಲ್ಲ. ಮೂಳೆ ಅಲುಗದಂತೆ ಹಿಡಿಯೋ ತತ್ವ ಅಲ್ಲೂ ಇದೆ. ಇವತ್ತಿಗೂ ಆಸ್ಪತ್ರೆಗಳಲ್ಲಿ ಬಳಸೋ ಥಾಮಸ್ ಸ್ಪ್ಲಿಂಟ್ ಮಾಡಿದ ಹ್ಯೂ ಓವೆನ್ ಥಾಮಸ್ ಹುಟ್ಟಿದ್ದೇ ಬ್ರಿಟನ್ನಿನ ವೇಲ್ಸ್‌ನಲ್ಲಿ ನಾಟಿ ಕಟ್ಟು ಕಟ್ಟೋರ ಮನೆತನದಲ್ಲಿ. ಆತ ಮನೆಯ ಕೈಚಳಕದ ಜೊತೆ ವೈದ್ಯವಿದ್ಯೆಯನ್ನೂ ಓದಿದ. ಮಂಡಿಯ ಕ್ಷಯಕ್ಕೆ ಅಂತ ಮಾಡಿದ ಆ ಸ್ಪ್ಲಿಂಟ್, ಆತ ತೀರಿಹೋದ ಮೇಲೆ ಮೊದಲ ಮಹಾಯುದ್ಧದಲ್ಲಿ ತೊಡೆಮೂಳೆ ಮುರಿದ ಸೈನಿಕರ ಜೀವ ಉಳಿಸಿತು.

ಅಪಾಯ ಇರೋದು ಬಿಗಿಯಲ್ಲಿ. ಪೆಟ್ಟಾದ ಮೊದಲ ಒಂದೆರಡು ದಿನ ಒಳಗೆ ಊತ ಏರ್ತಾ ಇರುತ್ತೆ. ಸುತ್ತ ಬಿಗಿದ ಕಟ್ಟು ಅದಕ್ಕೆ ಜಾಗ ಕೊಡಲ್ಲ, ರಕ್ತ ಓಡಾಟ ನಿಲ್ಲುತ್ತೆ. ಕೆಲವು ಗಂಟೆಗಳಲ್ಲೇ ಮಾಂಸಖಂಡ ಸಾಯಬಹುದು, ಕೈಯೋ ಕಾಲೋ ಕಳ್ಕೋಬೇಕಾಗಬಹುದು. ಮಕ್ಕಳ ಮೊಣಕೈ ಮುರಿದಾಗ ಇದು ಇನ್ನೂ ಹೆಚ್ಚು. ಬೆರಳು ಅಲುಗಿಸಿದರೆ ಮಗು ಚೀರುತ್ತೆ, ನೋವು ಏರ್ತಾನೇ ಇದೆ ಅಂದ್ರೆ "ನಾಳೆ ಕಮ್ಮಿ ಆಗುತ್ತೆ" ಅನ್ನಬೇಡಿ. ಕಟ್ಟು ಬಿಚ್ಚಿಸಿ, ಆಸ್ಪತ್ರೆಗೆ ಓಡಿ. ಆಸ್ಪತ್ರೆಯಲ್ಲೇ ಹಾಕಿದ ಪ್ಲಾಸ್ಟರ್ ಆದರೂ ಇದೇ ಮಾತು.

ಎಲ್ಲಿ ಹೋಗೋದು?

ಮಳವಳ್ಳಿ, ಮದ್ದೂರಿನವರಿಗೆ ಮೊದಲ ಮೆಟ್ಟಿಲು ತಾಲ್ಲೂಕು ಆಸ್ಪತ್ರೆ. ಅಲ್ಲಿಂದಾಚೆ ಮಂಡ್ಯದ ಮಿಮ್ಸ್, ಅದು ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಡಾಕ್ಟರ್ ಚೀಟಿಯಲ್ಲಿ ಬರೀ "ನೀ ಬ್ರೇಸ್" ಅಂತ ಬರೆದಿದ್ದರೆ ಸಂಕೋಚ ಇಲ್ಲದೆ ಮೂರು ಪ್ರಶ್ನೆ ಕೇಳಿ: ಯಾವ ಥರದ್ದು? ದಿನಕ್ಕೆ ಎಷ್ಟು ಹೊತ್ತು? ಎಷ್ಟು ವಾರ? ಮನೆಯಲ್ಲಿ 60 ದಾಟಿದವರಿದ್ದು ಬಿಪಿಎಲ್ ಕಾರ್ಡ್ ಇದ್ದರೆ, 2017ರಲ್ಲಿ ಶುರುವಾದ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಕಾನ್ಪುರದ ಅಲಿಮ್ಕೊ ಸಂಸ್ಥೆ ಶಿಬಿರ ನಡೆಸಿ ಊರುಗೋಲು, ಶ್ರವಣಯಂತ್ರ, ಮಂಡಿ ಬ್ರೇಸ್‌ನಂಥವನ್ನು ಉಚಿತವಾಗಿ ಕೊಡುತ್ತೆ.

ಕೊನೆಗೆ ಮತ್ತೆ ನಮ್ಮ ಹುಡುಗನಿಗೆ. ಊತ ಏನು ಅಂತ ತೋರಿಸಿದ ಮೇಲೆ, ಡಾಕ್ಟರ್ ಒಪ್ಪಿದರೆ, ಅವ್ವನ್ನ ಮಂಚದ ಮೇಲೆ ಕೂರಿಸಿ ಕಾಲು ಚಾಚಿಸು. ಮಂಡಿ ಕೆಳಗೆ ಟವಲ್ ಸುರುಳಿ ಇಟ್ಟು, ಅದನ್ನು ಒತ್ತಿ ಐದು ಎಣಿಸಿ ಬಿಡೋಕೆ ಹೇಳು. ದಿನಕ್ಕೆ ಎರಡು ಹೊತ್ತು, ಹತ್ತತ್ತು ಸಲ. ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಗೆ ಅದೇ ಆಸರೆ. ಕೋಲು ಹಿಡಿಯೋದಾದರೆ ನೋಯೋ ಕಾಲಿನ ಕಡೆ ಅಲ್ಲ, ಅದರ ಎದುರು ಕೈಯಲ್ಲಿ. ದೇಹದ ತೂಕ ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕೆ.ಜಿ. ಇಳಿಯುತ್ತೆ. ಇದಾದ ಮೇಲೂ ಬೆಲ್ಟ್ ಬೇಕು ಅಂದ್ರೆ ಟೇಪ್ ಹಿಡಿದು ಅಳೆದು ತಾ.

ಅವ್ವ ಮತ್ತೆ ಗದ್ದೆಗೆ ಇಳೀತಾಳೋ ಇಲ್ವೋ ಆಮೇಲೆ ನೋಡೋಣ. ಮೊದಲು ಬೀದಿ ತುದಿವರೆಗೆ ಧೈರ್ಯವಾಗಿ ನಡೀಲಿ. ನಡೆದಾಗ ಒಂದು ವಾಯ್ಸ್ ಮೆಸೇಜ್ ಕಳಿಸು ತಮ್ಮ, ಕಾಯ್ತಿರ್ತೀವಿ.